ತಂಡದ ಗಳಿಕೆ, ಊರಿನ ಸಾಲ

ಕರ್ನಾಟಕ ಗೃಹ ಮಂಡಳಿಯ ಕೆಲಸವೇನು ಎಂದು ಯಾರನ್ನು ಕೇಳಿದರೂ ಸೈಟು, ಮನೆ, ಬಡಾವಣೆ ಎನ್ನುತ್ತಾರೆ. 1962ರ ಕಾಯ್ದೆಯಡಿ ರೂಪುಗೊಂಡ ಸಂಸ್ಥೆ ಅದು. ಸೂರಿಲ್ಲದವರಿಗೆ ಕೈಗೆಟುಕುವ ದರದಲ್ಲಿ ಸೂರು ಒದಗಿಸಲೆಂದೇ ಇರುವುದು. 2025ರ ಆಗಸ್ಟ್‌ನಲ್ಲಿ ಈ ಮಂಡಳಿಯ ಹೆಗಲಿಗೆ ಬೇರೊಂದು ಹೊರೆ ಬಂತು. ಬೊಮ್ಮಸಂದ್ರದ ಆಚೆ, ಆನೇಕಲ್ ತಾಲ್ಲೂಕಿನ ಸೂರ್ಯನಗರದಲ್ಲಿ ದೊಡ್ಡದೊಂದು ಕ್ರೀಡಾ ಸಂಕೀರ್ಣ ಕಟ್ಟುವ ಪ್ರಸ್ತಾವಕ್ಕೆ ಮುಖ್ಯಮಂತ್ರಿ ಒಪ್ಪಿಗೆ ಕೊಟ್ಟರು. ಅದರ ನಡುಮಧ್ಯೆ 80 ಸಾವಿರ ಜನ ಕೂರಬಹುದಾದ ಕ್ರಿಕೆಟ್ ಸ್ಟೇಡಿಯಂ. ಅಂದಾಜು ವೆಚ್ಚ 1,650 ಕೋಟಿ ರೂಪಾಯಿ. ಅಷ್ಟೂ ಹಣವನ್ನು ಗೃಹ ಮಂಡಳಿಯೇ ಭರಿಸುತ್ತದೆ ಎಂದು ಸರ್ಕಾರ ಹೇಳಿತು.

ಈ ತೀರ್ಮಾನದ ಹಿಂದೆ ಸಾವುಗಳಿವೆ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಮೊದಲ ಬಾರಿಗೆ ಐಪಿಎಲ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಮುಂದೆ ನೂಕುನುಗ್ಗಲಿಗೆ ಸಿಲುಕಿ 11 ಮಂದಿ ಪ್ರಾಣ ಬಿಟ್ಟರು. ಭಾರೀ ಜನ ಸೇರುವ ಕಾರ್ಯಕ್ರಮಗಳಿಗೆ ಈ ಜಾಗ ಸುರಕ್ಷಿತವಲ್ಲ ಎಂದು ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಆಯೋಗ ವರದಿ ಕೊಟ್ಟಿತು. ಆಮೇಲೆ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನ ಕೈತಪ್ಪಿ ನವಿ ಮುಂಬೈ ಪಾಲಾದವು. ಪಾಕಿಸ್ತಾನ ಫೈನಲ್ ತಲುಪದೇ ಹೋದರೆ ಕೊನೆಯ ಪಂದ್ಯವೂ ಇಲ್ಲೇ ನಡೆಯಬೇಕಿತ್ತು. ಭಾರತದ ಹೆಣ್ಣುಮಕ್ಕಳು ಮೊದಲ ಸಲ ವಿಶ್ವಕಪ್ ಎತ್ತಿ ಹಿಡಿದದ್ದನ್ನು ಬೆಂಗಳೂರು ಟಿವಿಯಲ್ಲಿ ನೋಡಿತು. ಅಷ್ಟಾದ ಮೇಲೆ ಹೊಸ ಕ್ರೀಡಾಂಗಣ ಬೇಕು ಎಂಬ ಮಾತಿಗೆ ಎದುರು ಮಾತನಾಡುವುದು ಸುಲಭವಲ್ಲ.

ನನ್ನ ತಕರಾರು ಕ್ರೀಡಾಂಗಣದ ಬಗ್ಗೆ ಅಲ್ಲವೇ ಅಲ್ಲ, ಅದರ ಲೆಕ್ಕದ ಬಗ್ಗೆ. ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರ ಹಕ್ಕುಗಳು 48,390 ಕೋಟಿ ರೂಪಾಯಿಗೆ ಮಾರಾಟವಾಗಿವೆ. ಜಗತ್ತಿನ ಅತಿ ಶ್ರೀಮಂತ ಕ್ರಿಕೆಟ್ ಮಂಡಳಿ ನಮ್ಮಲ್ಲಿದೆ. ಇಷ್ಟು ದುಡಿಯುವ ಆಟಕ್ಕೆ ವೇದಿಕೆ ಕಟ್ಟಿಕೊಡಲು ಮನೆ ಕಟ್ಟುವ ಹಣ ಏಕೆ ಹೋಗಬೇಕು? ಹೋಗಲೇಬೇಕೆಂದಾದರೆ, ಆ ಹಣಕ್ಕೆ ಬದಲಾಗಿ ಜನರಿಗೆ ಸಿಗುವುದೇನು? ಈ ಪ್ರಶ್ನೆಯನ್ನು ಎಪ್ಪತ್ತು ವರ್ಷಗಳಿಂದ ಕೇಳಿಕೊಳ್ಳುತ್ತಾ, ಪ್ರತಿ ಸಲವೂ ದುಬಾರಿ ಉತ್ತರ ಪಡೆಯುತ್ತಾ ಬಂದಿರುವ ದೇಶ ಅಮೆರಿಕ. ಅಲ್ಲಿನ ಕೆಲವು ಊರುಗಳ ಕಡತ ತೆರೆದು ನೋಡಿದರೆ ಸೂರ್ಯನಗರದ ಕಡತದಲ್ಲಿ ಏನಿರಬೇಕು ಎಂಬುದು ತಾನಾಗಿ ಹೊಳೆಯುತ್ತದೆ.

ಆಸ್ಪತ್ರೆ ಮಾರಿದ ಕೌಂಟಿ

ಒಹಾಯೊ ರಾಜ್ಯದ ಸಿನ್ಸಿನಾಟಿ ನಗರ ಇರುವುದು ಹ್ಯಾಮಿಲ್ಟನ್ ಕೌಂಟಿಯಲ್ಲಿ. ಕೌಂಟಿ ಎಂದರೆ ಸ್ಥೂಲವಾಗಿ ನಮ್ಮ ಜಿಲ್ಲೆ. ಆದರೆ ತೆರಿಗೆ ಹಾಕುವ, ಸಾಲ ಎತ್ತುವ ಅಧಿಕಾರವುಳ್ಳ ಜಿಲ್ಲೆ. ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಬೆಂಗಾಲ್ಸ್. 1990ರ ದಶಕದ ನಡುವಿನಲ್ಲಿ ಆ ತಂಡದ ಮಾಲೀಕರು ಹೊಸ ಸ್ಟೇಡಿಯಂ ಬೇಕೆಂದರು. ಸಿಗದಿದ್ದರೆ ಊರು ಬಿಡುವ ಮಾತು ಕೇಳಿಬಂತು. ಅದೇ ರಾಜ್ಯದ ಕ್ಲೀವ್‌ಲ್ಯಾಂಡ್ ತನ್ನ ತಂಡವನ್ನು ಬಾಲ್ಟಿಮೋರ್‌ಗೆ ಕಳೆದುಕೊಳ್ಳುತ್ತಿದ್ದ ಹೊತ್ತು ಅದು. ಜನ ಹೆದರಿದ್ದರು.

1996ರ ಮಾರ್ಚ್‌ನಲ್ಲಿ ಮತದಾನ ನಡೆಯಿತು. ಮಾರಾಟ ತೆರಿಗೆಯನ್ನು ಅರ್ಧ ಪರ್ಸೆಂಟ್ ಏರಿಸಿ, ಆ ಹಣದಲ್ಲಿ ಫುಟ್‌ಬಾಲಿಗೊಂದು, ಬೇಸ್‌ಬಾಲಿಗೊಂದು ಸ್ಟೇಡಿಯಂ ಕಟ್ಟುವುದು ಪ್ರಸ್ತಾವ. ಮತದಾರರಿಗೆ ಅದರ ಜೊತೆಗೇ ಒಂದು ಆಶ್ವಾಸನೆಯೂ ಸಿಕ್ಕಿತು: ಹೊಸ ತೆರಿಗೆಯ ಒಂದು ಭಾಗವನ್ನು ಸ್ವಂತ ಮನೆಯುಳ್ಳವರ ಆಸ್ತಿ ತೆರಿಗೆ ಇಳಿಸಲು ಬಳಸುತ್ತೇವೆ. ಹತ್ತರಲ್ಲಿ ಆರು ಮಂದಿ ಹೌದೆಂದರು. 2000ದಲ್ಲಿ ಫುಟ್‌ಬಾಲ್ ಸ್ಟೇಡಿಯಂ ತೆರೆಯಿತು, 2003ರಲ್ಲಿ ಬೇಸ್‌ಬಾಲಿನದು.

ಕಟ್ಟಡಕ್ಕಿಂತ ಹೆಚ್ಚು ಕಾಡಿದ್ದು ಕರಾರು. ತಂಡದೊಡನೆ ಕೌಂಟಿ ಮಾಡಿಕೊಂಡ ಗುತ್ತಿಗೆ ಪತ್ರದಲ್ಲಿ ಸ್ಟೇಡಿಯಂನ ರಿಪೇರಿ, ಸುಧಾರಣೆಗಳ ಹೊಣೆ ಬಹುಪಾಲು ಕೌಂಟಿಯ ಮೇಲಿತ್ತು. ಕೆಲ ವರ್ಷ ಕಳೆದ ಮೇಲೆ ತಂಡ ಬಾಡಿಗೆ ಕೊಡಬೇಕಿಲ್ಲ. ಇನ್ನೂ ಕೆಲ ವರ್ಷ ಕಳೆದರೆ ಪಂದ್ಯದ ದಿನದ ಖರ್ಚಿಗೆ ಕೌಂಟಿಯೇ ತಂಡಕ್ಕೆ ಹಣ ಕೊಡಬೇಕು. ಮುಂದೆಂದಾದರೂ ಬೇರೆ ಸ್ಟೇಡಿಯಂಗಳಿಗೆ ಹೊಸ ಸಲಕರಣೆಗಳು ಬಂದರೆ ಇಲ್ಲಿಗೂ ತರಿಸಿಕೊಡಬೇಕು. ಆ ಪಟ್ಟಿಯಲ್ಲಿ, ಅಂದು ಯಾರೂ ಕಂಡಿರದಿದ್ದ, ಹೊಲೊಗ್ರಾಮ್‌ನಲ್ಲಿ ಆಟವನ್ನು ಮರುಪ್ರದರ್ಶಿಸುವ ಯಂತ್ರವೂ ಇತ್ತು. ಕೌಂಟಿಯ ಪರವಾಗಿ ಈ ಯೋಜನೆಯನ್ನು ಮುಂದೆ ನಿಂತು ನಡೆಸಿದ ಆಯುಕ್ತ ಬಾಬ್ ಬೆಡಿಂಗ್‌ಹಾಸ್ 2000ದ ಚುನಾವಣೆಯಲ್ಲಿ ಸೋತರು, ಮುಂದೆ ಅದೇ ತಂಡದಲ್ಲಿ ಕೆಲಸಕ್ಕೆ ಸೇರಿದರು.

ಮಾರಾಟ ತೆರಿಗೆಯ ಆದಾಯ ವರ್ಷ ವರ್ಷ ಏರುತ್ತಲೇ ಹೋಗುತ್ತದೆ ಎಂಬುದು ಮೊದಲ ಅಂದಾಜಾಗಿತ್ತು. ಅದು ಹುಸಿಯಾಯಿತು. 2008ರ ಆರ್ಥಿಕ ಕುಸಿತ ಬಂದಾಗ ಸ್ಟೇಡಿಯಂ ನಿಧಿ ಬರಿದಾಯಿತು, ಆದರೆ ಸಾಲದ ಕಂತು ನಿಲ್ಲಲಿಲ್ಲ. ಮನೆಯುಳ್ಳವರಿಗೆ ಕೊಟ್ಟಿದ್ದ ತೆರಿಗೆ ಕಡಿತದ ಮಾತಿಗೆ ಕತ್ತರಿ ಬಿತ್ತು. 2011ರಲ್ಲಿ, ದೀರ್ಘಕಾಲದ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಡ್ರೇಕ್ ಎಂಬ ಸಾರ್ವಜನಿಕ ಆಸ್ಪತ್ರೆಯನ್ನು ಕೌಂಟಿ 1.5 ಕೋಟಿ ಡಾಲರ್‌ಗೆ ಮಾರಿತು; ಸ್ಟೇಡಿಯಂ ನಿಧಿಯ ಕೊರತೆ ತುಂಬುವುದೇ ಅದರ ಉದ್ದೇಶ. ಸಂತೋಷಕ್ಕೆಂದು ಕಟ್ಟಿದ್ದರ ಕಂತಿಗಾಗಿ ಹಾಸಿಗೆ ಹಿಡಿದವರ ಆಸರೆಯನ್ನು ಮಾರುವ ಸ್ಥಿತಿಗೆ ಒಂದು ಊರು ತಲುಪಿದ್ದು ನನ್ನನ್ನು ಇಂದಿಗೂ ಕಲಕುತ್ತದೆ. ಅಲ್ಲಿ ಯಾರೂ ದುಷ್ಟರಿರಲಿಲ್ಲ. ಕಾಗದದ ಮೇಲೆ ಸಹಿ ಹಾಕುವಾಗ ಎದುರಿಗೆ ಕೂತವರು ಏನನ್ನು ಬರೆಸಿಕೊಳ್ಳುತ್ತಿದ್ದಾರೆ ಎಂದು ಕೌಂಟಿ ಸರಿಯಾಗಿ ಓದಲಿಲ್ಲ, ಅಷ್ಟೇ.

ಕಥೆ ಅಲ್ಲಿಗೇ ನಿಂತಿಲ್ಲ. ಹಳೆಯ ಗುತ್ತಿಗೆ ಮುಗಿಯುತ್ತಿದ್ದಂತೆ 2025ರಲ್ಲಿ ಹೊಸ ಒಪ್ಪಂದವಾಯಿತು: ನವೀಕರಣಕ್ಕೆ 47 ಕೋಟಿ ಡಾಲರ್, ಅದರಲ್ಲಿ 35 ಕೋಟಿ ಕೌಂಟಿಯದು, 12 ಕೋಟಿ ತಂಡದ್ದು.

ಬಿಟ್ಟು ಹೋಗುವ ಬೆದರಿಕೆ

ಇಷ್ಟೆಲ್ಲ ಗೊತ್ತಿದ್ದೂ ಊರುಗಳು ಏಕೆ ಒಪ್ಪುತ್ತವೆ? ತಂಡಗಳ ಸಂಖ್ಯೆಯನ್ನು ಲೀಗುಗಳು ಬೇಕೆಂದೇ ಕಡಿಮೆ ಇಟ್ಟಿರುವುದು ಇದರ ಗುಟ್ಟು. ಅಮೆರಿಕನ್ ಫುಟ್‌ಬಾಲ್ ಲೀಗಿನಲ್ಲಿ ಇರುವುದು 32 ತಂಡ. ತಂಡ ಬೇಕೆನ್ನುವ ಊರುಗಳು ಅದಕ್ಕಿಂತ ಹೆಚ್ಚು. ಒಂದು ಊರು ಖಾಲಿ ಇದ್ದರೆ ಸಾಕು, ಉಳಿದ ಊರುಗಳ ತಂಡಗಳ ಮಾಲೀಕರೆಲ್ಲ ಅದನ್ನು ತೋರಿಸಿ ಚೌಕಾಸಿ ಮಾಡಬಹುದು.

ಈ ಪದ್ಧತಿಗೆ ದಾರಿ ತೆರೆದದ್ದು 1953. ಅದಕ್ಕೂ ಮೊದಲು ಬೇಸ್‌ಬಾಲ್ ತಂಡಗಳು ಹೆಚ್ಚಾಗಿ ತಮ್ಮ ಮೈದಾನಗಳನ್ನು ತಾವೇ ಕಟ್ಟಿಕೊಳ್ಳುತ್ತಿದ್ದವು. ಆ ವರ್ಷ ಮಿಲ್ವಾಕಿ ಕೌಂಟಿ ಸರ್ಕಾರಿ ಹಣದಲ್ಲಿ ಸ್ಟೇಡಿಯಂ ಕಟ್ಟಿ ಬಾಸ್ಟನ್ನಿನ ಬ್ರೇವ್ಸ್ ತಂಡವನ್ನು ಕರೆತಂದಿತು. ಹದಿಮೂರು ವರ್ಷಗಳಲ್ಲೇ ಅದೇ ತಂಡ ಮಿಲ್ವಾಕಿಯನ್ನು ಬಿಟ್ಟು ಅಟ್ಲಾಂಟಾಕ್ಕೆ ಹೋಯಿತು. ಕೊಟ್ಟು ಕರೆದವರನ್ನು ಇನ್ನೂ ಹೆಚ್ಚು ಕೊಡುವವರಿಗಾಗಿ ಬಿಡುವ ಚಾಳಿ ಹುಟ್ಟಿನಿಂದಲೇ ಬಂದದ್ದು.

ಸೇಂಟ್ ಲೂಯಿಸ್ ನಗರದ ಅನುಭವ ಇನ್ನೂ ಕಹಿ. ತಂಡವೇ ಇಲ್ಲದಿದ್ದಾಗ ಸಾರ್ವಜನಿಕ ಹಣದಲ್ಲಿ ಗುಮ್ಮಟದ ಸ್ಟೇಡಿಯಂ ಕಟ್ಟಲು ಹೊರಟು, 1995ರಲ್ಲಿ ಲಾಸ್ ಏಂಜಲೀಸ್‌ನಿಂದ ರ‍್ಯಾಮ್ಸ್ ತಂಡವನ್ನು ಕರೆತಂದರು. ರಾಜ್ಯ, ನಗರ, ಕೌಂಟಿ ಮೂರೂ ಸೇರಿ ವರ್ಷಕ್ಕೆ 2.4 ಕೋಟಿ ಡಾಲರ್ ಕಟ್ಟುವ ವ್ಯವಸ್ಥೆಯಾಯಿತು. ಗುತ್ತಿಗೆಯಲ್ಲಿ ಒಂದು ಷರತ್ತಿತ್ತು: ಈ ಸ್ಟೇಡಿಯಂ ಲೀಗಿನ ಅತ್ಯುತ್ತಮ ಕಾಲುಭಾಗದಲ್ಲಿ ಇರಬೇಕು, ಇಲ್ಲವಾದರೆ ತಂಡ ಅವಧಿಗೆ ಮೊದಲೇ ಹೊರಡಬಹುದು. ಬೇರೆ ಊರುಗಳು ಹೊಸ ಹೊಸ ಸ್ಟೇಡಿಯಂ ಕಟ್ಟುತ್ತಾ ಹೋದಂತೆ ಸೇಂಟ್ ಲೂಯಿಸ್‌ನದು ಜಾಗ ಬಿಟ್ಟು ಕದಲದೆಯೇ ಕೆಳಗಿಳಿಯಿತು. 2016ರಲ್ಲಿ ರ‍್ಯಾಮ್ಸ್ ಲಾಸ್ ಏಂಜಲೀಸ್‌ಗೆ ಮರಳಿತು. ತಂಡ ಹೋದ ಮೇಲೂ ಜನ ಕಂತು ಕಟ್ಟುತ್ತಲೇ ಇದ್ದರು. ಊರು ಕೋರ್ಟಿಗೆ ಹೋಗಿ, 2021ರಲ್ಲಿ ಲೀಗ್ ಮತ್ತು ತಂಡದ ಮಾಲೀಕರಿಂದ 79 ಕೋಟಿ ಡಾಲರ್ ಪಡೆದು ರಾಜಿಯಾಯಿತು. ಸಿಯಾಟಲ್‌ನ ಕಿಂಗ್‌ಡೋಮ್ ಸ್ಟೇಡಿಯಂನದೂ ಇಂಥದೇ ಕಥೆ: ಅದನ್ನು 2000ದಲ್ಲಿ ಸ್ಫೋಟಿಸಿ ನೆಲಸಮ ಮಾಡಿದರು. ಅದರ ಮೇಲಿನ ಸಾಲ ತೀರಿದ್ದು 2015ಕ್ಕೆ.

ಇದೆಲ್ಲದರ ಮೂಲದಲ್ಲಿ ಒಕ್ಕೂಟ ಸರ್ಕಾರದ ತೆರಿಗೆ ಕಾನೂನಿನಲ್ಲೂ ಒಂದು ಎಡವಟ್ಟಿದೆ. ಅಮೆರಿಕದಲ್ಲಿ ಸ್ಥಳೀಯ ಸರ್ಕಾರಗಳು ಎತ್ತುವ ಬಾಂಡ್‌ಗಳ ಬಡ್ಡಿಗೆ ಆದಾಯ ತೆರಿಗೆ ಇಲ್ಲ, ಹಾಗಾಗಿ ಅವರಿಗೆ ಕಡಿಮೆ ಬಡ್ಡಿಗೆ ಸಾಲ ಸಿಗುತ್ತದೆ. ಶಾಲೆ, ರಸ್ತೆ, ನೀರಿಗೆಂದು ಇದ್ದ ಈ ಸವಲತ್ತನ್ನು ಸ್ಟೇಡಿಯಂಗಳು ಬಳಸಿಕೊಳ್ಳುವುದನ್ನು ತಡೆಯಲು 1986ರಲ್ಲಿ ತೆರಿಗೆ ಸುಧಾರಣಾ ಕಾಯ್ದೆ ಬಂತು. ಖಾಸಗಿಯವರು ಬಳಸುವ ಕಟ್ಟಡದ ಸಾಲದಲ್ಲಿ ಶೇ 10ಕ್ಕಿಂತ ಹೆಚ್ಚು ಭಾಗ ಆ ಕಟ್ಟಡದ ಆದಾಯದಿಂದಲೇ ತೀರುವಂತಿದ್ದರೆ ವಿನಾಯಿತಿ ಇಲ್ಲ ಎಂದಿತು ಅದು. ಯಾವ ನಗರವೂ ಸ್ಟೇಡಿಯಂ ಸಾಲವನ್ನು ಸಾಮಾನ್ಯ ತೆರಿಗೆಯಿಂದ ತೀರಿಸುವ ಹುಂಬತನ ಮಾಡದು ಎಂಬುದು ಬರೆದವರ ನಂಬಿಕೆಯಾಗಿತ್ತು. ನಗರಗಳು ಅದನ್ನೇ ಮಾಡಿದವು. ವಿನಾಯಿತಿ ಉಳಿಸಿಕೊಳ್ಳಲು ತಂಡದಿಂದ ಬಾಡಿಗೆ ಪಡೆಯುವುದನ್ನೇ ಕಡಿಮೆ ಮಾಡಿ, ಹೋಟೆಲ್ ಕೋಣೆಯ ಮೇಲೆ, ಬಾಡಿಗೆ ಕಾರಿನ ಮೇಲೆ, ಅಂಗಡಿಯ ಖರೀದಿಯ ಮೇಲೆ ತೆರಿಗೆ ಹಾಕಿದವು. ಸಬ್ಸಿಡಿ ತಡೆಯಲು ಬಂದ ಕಾನೂನೇ ಸಬ್ಸಿಡಿಯನ್ನು ಹಿಗ್ಗಿಸಿತು. ಸೆನೆಟರ್ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ 1996ರಲ್ಲಿ ಇದನ್ನು ಮುಚ್ಚಲು ಮಸೂದೆ ತಂದರು. ಅದು ಮುಂದೆ ಸಾಗಲಿಲ್ಲ. 2000ದ ನಂತರ ಕಟ್ಟಿದ ಅಥವಾ ನವೀಕರಿಸಿದ 36 ಸ್ಟೇಡಿಯಂಗಳಿಗೆ ಈ ಒಂದೇ ದಾರಿಯಲ್ಲಿ ಒಕ್ಕೂಟ ಸರ್ಕಾರ 320 ಕೋಟಿ ಡಾಲರ್ ಬಿಟ್ಟುಕೊಟ್ಟಿತೆಂದು ಬ್ರೂಕಿಂಗ್ಸ್ ಸಂಸ್ಥೆ 2016ರಲ್ಲಿ ಲೆಕ್ಕ ಹಾಕಿತು.

ಉದ್ಯೋಗ, ವ್ಯಾಪಾರ, ಅಭಿವೃದ್ಧಿ

ಸ್ಟೇಡಿಯಂ ಬಂದರೆ ಸುತ್ತಲ ಪ್ರದೇಶ ಏಳಿಗೆಯಾಗುತ್ತದೆ, ಸಾವಿರಾರು ಜನರಿಗೆ ಕೆಲಸ ಸಿಗುತ್ತದೆ ಎಂಬ ಮಾತು ಶಂಕುಸ್ಥಾಪನೆಯ ವೇದಿಕೆಗಳಲ್ಲಿ ತಪ್ಪದೇ ಕೇಳಿಬರುತ್ತದೆ. ಅರ್ಥಶಾಸ್ತ್ರಜ್ಞರು ಒಂದೇ ದನಿಯಲ್ಲಿ ಮಾತನಾಡುವ ವಿಷಯಗಳು ಕಡಿಮೆ, ಇದು ಅಂಥದ್ದೊಂದು. ರೋಜರ್ ನೋಲ್ ಮತ್ತು ಆ್ಯಂಡ್ರ್ಯೂ ಜಿಂಬಲಿಸ್ಟ್ 1997ರಲ್ಲಿ ಸಂಪಾದಿಸಿ ಹೊರತಂದ ಅಧ್ಯಯನಗಳ ಸಂಪುಟದಲ್ಲಿ, ಹಾಕಿದ ಹಣಕ್ಕೆ ತಕ್ಕ ಬೆಳವಣಿಗೆ ಕಂಡ ಒಂದು ಸ್ಟೇಡಿಯಂ ಕೂಡ ಸಿಗಲಿಲ್ಲ. ಡೆನ್ನಿಸ್ ಕೋಟ್ಸ್, ಬ್ರಾಡ್ ಹಂಫ್ರೀಸ್, ಜೆ.ಸಿ. ಬ್ರ್ಯಾಡ್‌ಬರಿ ಮುಂತಾದವರು ಆಮೇಲೆ ಮಾಡಿದ ಕೆಲಸವೂ ಅದನ್ನೇ ಹೇಳುತ್ತದೆ.

ಕಾರಣ ಸರಳ. ಸ್ಥಳೀಯ ಕುಟುಂಬವೊಂದು ಪಂದ್ಯಕ್ಕೆ ಖರ್ಚು ಮಾಡುವ ದುಡ್ಡು ಆಕಾಶದಿಂದ ಬಿದ್ದದ್ದಲ್ಲ. ಪಂದ್ಯ ಇರದಿದ್ದರೆ ಆ ದುಡ್ಡು ಸಿನಿಮಾಕ್ಕೋ ಹೋಟೆಲಿಗೋ ಬಟ್ಟೆ ಅಂಗಡಿಗೋ ಹೋಗುತ್ತಿತ್ತು. ಗಾಂಧಿನಗರದ ದರ್ಶಿನಿಯಲ್ಲಿ ಖರ್ಚಾಗಬೇಕಿದ್ದ ಹಣ ಸ್ಟೇಡಿಯಂನ ಒಳಗಿನ ಮಳಿಗೆಯಲ್ಲಿ ಖರ್ಚಾದರೆ ಊರಿನ ವ್ಯಾಪಾರ ಹೆಚ್ಚಲಿಲ್ಲ, ಜಾಗ ಬದಲಿಸಿತು. ದರ್ಶಿನಿಯ ಲಾಭ ಊರಲ್ಲೇ ಸುತ್ತುತ್ತದೆ. ಸ್ಟೇಡಿಯಂನ ದುಡ್ಡು ಆಟಗಾರರ ಸಂಬಳಕ್ಕೂ ಮಾಲೀಕರ ಖಾತೆಗೂ ಹೋಗಿ ಬೇಗ ಊರು ಬಿಡುತ್ತದೆ. ಇನ್ನು ಉದ್ಯೋಗ: ಪಂದ್ಯದ ದಿನ ಗೇಟು ಕಾಯುವುದು, ನೀರು ಮಾರುವುದು, ಕಸ ಗುಡಿಸುವುದು. ಅಮೆರಿಕನ್ ಫುಟ್‌ಬಾಲ್ ತಂಡವೊಂದಕ್ಕೆ ಋತುವಿನಲ್ಲಿ ತವರಿನ ಲೀಗ್ ಪಂದ್ಯಗಳು ಎಂಟೋ ಒಂಬತ್ತೋ.

ಐಪಿಎಲ್ ತಂಡಕ್ಕೆ ತವರಿನಲ್ಲಿ ಏಳು ಲೀಗ್ ಪಂದ್ಯ. ಅದಕ್ಕೆ ಅಂತರರಾಷ್ಟ್ರೀಯ ಪಂದ್ಯಗಳನ್ನೂ ನಾಕೌಟ್ ಪಂದ್ಯಗಳನ್ನೂ ಧಾರಾಳವಾಗಿ ಸೇರಿಸಿ, ವರ್ಷಕ್ಕೆ 15 ದಿನ ಎನ್ನೋಣ. 1,650 ಕೋಟಿಗೆ ಶೇ 7ರ ಬಡ್ಡಿ ಹಿಡಿದರೆ ವರ್ಷಕ್ಕೆ 115 ಕೋಟಿ ರೂಪಾಯಿ ಆಗುತ್ತದೆ. ಸಂಕೀರ್ಣದ ಅರ್ಧ ವೆಚ್ಚ ಬೇರೆ ಆಟಗಳದ್ದು ಎಂದು ಕಳೆದರೂ, ದೊಡ್ಡ ಪಂದ್ಯದ ಪ್ರತಿ ದಿನಕ್ಕೆ ನಾಲ್ಕು ಕೋಟಿಗೆ ಸಮೀಪದ ಹಣ ಬಡ್ಡಿಯ ಬಾಬತ್ತಿಗೇ ಬೇಕು. ಅಸಲು, ನಿರ್ವಹಣೆ, ವಿದ್ಯುತ್ತು, ನೀರು, ರಸ್ತೆ ಅಗಲೀಕರಣ ಇದರಲ್ಲಿ ಸೇರಿಲ್ಲ. ಹಳದಿ ಮಾರ್ಗದ ಮೆಟ್ರೊ ಬೊಮ್ಮಸಂದ್ರಕ್ಕೇ ನಿಲ್ಲುತ್ತದೆ. ರಾತ್ರಿ ಹನ್ನೊಂದರ ಮೇಲೆ 80 ಸಾವಿರ ಜನರನ್ನು ಹೊಸೂರು ರಸ್ತೆಯಿಂದ ಮನೆ ತಲುಪಿಸುವ ಖರ್ಚನ್ನು ಯಾವ ಬಾಬತ್ತಿಗೆ ಬರೆಯುತ್ತಾರೋ ನೋಡಬೇಕು.

ಬಂದೋಬಸ್ತ್ ಕೂಡ ಸಬ್ಸಿಡಿಯೇ ಎಂಬುದನ್ನು ನಾವು ಮರೆಯುತ್ತೇವೆ. ಐಪಿಎಲ್ ಪಂದ್ಯಗಳಿಗೆ ಒದಗಿಸಿದ ಪೊಲೀಸ್ ಬಂದೋಬಸ್ತ್‌ನ 14.82 ಕೋಟಿ ರೂಪಾಯಿ ಬಾಕಿಯ ವಿಷಯ ಮುಂಬೈ ಹೈಕೋರ್ಟಿನ ಮುಂದೆ ಬಂತು. ವಸೂಲಿ ಮಾಡಬೇಕಿದ್ದ ಮಹಾರಾಷ್ಟ್ರ ಸರ್ಕಾರ ಪೊಲೀಸ್ ಶುಲ್ಕವನ್ನು ಪೂರ್ವಾನ್ವಯವಾಗಿ ಇಳಿಸಿತ್ತು.

ಬೆಲೆ ಕಟ್ಟಲಾಗದ ಸಂತೋಷ?

ಇಲ್ಲಿ ಒಂದು ಪ್ರಾಮಾಣಿಕ ಆಕ್ಷೇಪವಿದೆ, ಅದನ್ನು ಬದಿಗೆ ಸರಿಸಲಾರೆ. ಎಲ್ಲವನ್ನೂ ರೂಪಾಯಿಯಲ್ಲಿ ಅಳೆಯುವುದಾದರೆ ಕಬ್ಬನ್ ಪಾರ್ಕ್ ಕೂಡ ನಷ್ಟದ ಬಾಬತ್ತೇ. ಆರ್‌ಸಿಬಿ ಗೆದ್ದ ರಾತ್ರಿ ಬೀದರಿನಿಂದ ಚಾಮರಾಜನಗರದವರೆಗೆ ಜನ ಬೀದಿಗಿಳಿದು ಕುಣಿದರಲ್ಲ, ಆ ಒಂದಾದ ಭಾವಕ್ಕೆ ಬೆಲೆ ಇಲ್ಲವೇ? ಇದೆ. ಅದು ಸಾರ್ವಜನಿಕ ಸಂಪತ್ತೇ. ಟಿಕೆಟ್ ಕೊಳ್ಳದವರಿಗೂ ಅದರಲ್ಲಿ ಪಾಲಿದೆ. ಪಿಟ್ಸ್‌ಬರ್ಗ್‌ನ ಐಸ್ ಹಾಕಿ ತಂಡದ ವಿಷಯದಲ್ಲಿ ಈ ಸಂತೋಷವನ್ನೂ ಅಳೆಯಲು ನೋಡಿದ ಸಂಶೋಧಕರು, ಊರಿನವರನ್ನೇ ಕೇಳಿ, 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಜನ ಸ್ವಂತ ಜೇಬಿನಿಂದ ಕೊಡಲು ಒಪ್ಪಿದ ಮೊತ್ತ ಹೊಸ ಅರೀನಾದ ವೆಚ್ಚದ ಹತ್ತಿರಕ್ಕೂ ಬರಲಿಲ್ಲ. ಸಂತೋಷ ನಿಜ, ಆದರೆ ಅದರ ಹೆಸರಲ್ಲಿ ಬರುವ ಬಿಲ್ಲು ಅದಕ್ಕಿಂತ ಬಹಳ ದೊಡ್ಡದು.

ತಂಡ ನಿಜವಾಗಿಯೂ ಊರಿನದಾದರೆ ಮಾತು ಬೇರೆ. ವಿಸ್ಕಾನ್ಸಿನ್‌ನ ಗ್ರೀನ್ ಬೇ ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಜನರಿರುವ ಊರು. ಅಲ್ಲಿನ ಪ್ಯಾಕರ್ಸ್ ತಂಡಕ್ಕೆ ಒಬ್ಬ ಧಣಿಯಿಲ್ಲ. ಐದು ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ, ಅವರಿಗೆ ಲಾಭಾಂಶವಿಲ್ಲ. 2000ದಲ್ಲಿ ಕೌಂಟಿಯ ಜನ ಮತ ಹಾಕಿ ತಾವೇ ಅರ್ಧ ಪರ್ಸೆಂಟ್ ತೆರಿಗೆ ಹಾಕಿಕೊಂಡು ಸ್ಟೇಡಿಯಂ ನವೀಕರಿಸಿದರು, ಸಾಲ ತೀರಿ 2015ರಲ್ಲಿ ಆ ತೆರಿಗೆ ನಿಂತಿತು. ತಂಡ ಊರು ಬಿಡುವ ಪ್ರಶ್ನೆಯೇ ಇಲ್ಲ. ಇಂಥ ಮಾಲೀಕತ್ವವನ್ನು ಬೇರೆ ಯಾವ ತಂಡವೂ ಅನುಸರಿಸದಂತೆ ಲೀಗ್ ನಿಯಮ ಮಾಡಿಕೊಂಡಿದೆ ಎಂಬುದೇ ಬಹಳ ಹೇಳುತ್ತದೆ. ಉಳಿದ ಕಡೆ ನಡೆಯುವುದು, ಗುಡಿಯನ್ನು ಊರವರೆಲ್ಲ ಸೇರಿ ಕಟ್ಟಿ ಹುಂಡಿಯ ಬೀಗದ ಕೈಯನ್ನು ಒಂದೇ ಮನೆಗೆ ಕೊಟ್ಟಂತೆ.

ಆ ಬೀಗದ ಕೈಯ ಬೆಲೆ ಎಷ್ಟೆಂಬುದಕ್ಕೆ ಮಯಾಮಿ ಸಾಕ್ಷಿ. ಜೆಫ್ರಿ ಲೋರಿಯಾ ಎಂಬವರು 2002ರಲ್ಲಿ ಮಾರ್ಲಿನ್ಸ್ ಬೇಸ್‌ಬಾಲ್ ತಂಡವನ್ನು ಸುಮಾರು 15.8 ಕೋಟಿ ಡಾಲರ್‌ಗೆ ಕೊಂಡರು. ಬಹುಪಾಲು ಸಾರ್ವಜನಿಕ ಹಣದಲ್ಲಿ ಕಟ್ಟಿದ ಹೊಸ ಸ್ಟೇಡಿಯಂ 2012ರಲ್ಲಿ ತೆರೆಯಿತು. ಅದಕ್ಕೆ ಎತ್ತಿದ ಸಾಲ ಬಡ್ಡಿ ಸಮೇತ ತೀರುವುದು 2048ಕ್ಕೆ. ಅಷ್ಟರಲ್ಲಿ ಕಟ್ಟಬೇಕಾದ ಮೊತ್ತ ಸುಮಾರು 240 ಕೋಟಿ ಡಾಲರ್. ಕುಪಿತರಾದ ಮತದಾರರು 2011ರಲ್ಲಿ ಕೌಂಟಿಯ ಮೇಯರ್ ಕಾರ್ಲೋಸ್ ಅಲ್ವಾರೆಜ್ ಅವರನ್ನು ಶೇ 88 ಮತಗಳಿಂದ ವಾಪಸ್ ಕರೆಸಿಕೊಂಡರು. ಕರಾರು ಮಾತ್ರ ಕದಲಲಿಲ್ಲ. 2017ರಲ್ಲಿ ಲೋರಿಯಾ ತಂಡವನ್ನು 120 ಕೋಟಿ ಡಾಲರ್‌ಗೆ ಮಾರಿದರು. ಮಾರಾಟದ ಲಾಭದಲ್ಲಿ ಜನರಿಗೂ ಪಾಲು ಎಂದು ಒಪ್ಪಂದದಲ್ಲಿ ಬರೆದಿತ್ತು. ಸಾಲ, ತೆರಿಗೆ, ಖರ್ಚುಗಳನ್ನೆಲ್ಲ ಕಳೆದರೆ ಲಾಭವೇ ಬರಲಿಲ್ಲ ಎಂಬ ಲೆಕ್ಕವನ್ನು ಮಾಲೀಕರ ಕಡೆಯವರು ಮುಂದಿಟ್ಟರು. ವ್ಯಾಜ್ಯ ರಾಜಿಯಲ್ಲಿ ಮುಗಿದಾಗ ಕೈಗೆ ಬಂದದ್ದು ಸುಮಾರು 42 ಲಕ್ಷ ಡಾಲರ್.

ಇದನ್ನು ಓದುವಾಗ ಬೆಂಗಳೂರನ್ನು ನೆನೆಯದೆ ಇರಲಾಗುವುದಿಲ್ಲ. 2008ರಲ್ಲಿ ಆರ್‌ಸಿಬಿ ಮಾರಾಟವಾದದ್ದು 11.16 ಕೋಟಿ ಡಾಲರ್‌ಗೆ. ಆಮೇಲೆ ಅದರ ಒಡೆತನ ಹೊಂದಿದ್ದ ಡಿಯಾಜಿಯೊ ಸಮೂಹದ ಯುನೈಟೆಡ್ ಸ್ಪಿರಿಟ್ಸ್ ಕಂಪನಿ, ಆ ಒಡೆತನವನ್ನು ಮರುಪರಿಶೀಲಿಸುವುದಾಗಿ 2025ರ ನವೆಂಬರ್‌ನಲ್ಲಿ ಷೇರುಪೇಟೆಗೆ ತಿಳಿಸಿತು. ತಂಡದ ಬೆಲೆ ಏರಲು ಆಟಗಾರರೂ ಕಾರಣ, ಹದಿನೆಂಟು ಋತು ಬಿಡದೆ ಕೂಗಿದ ಅಭಿಮಾನಿಗಳೂ ಕಾರಣ. 80 ಸಾವಿರ ಆಸನಗಳ ತವರು ಮೈದಾನ ಸಿಕ್ಕರೆ ಅದರ ಬೆಲೆ ಇನ್ನಷ್ಟು ಏರುತ್ತದೆ. ಏರಿದ್ದರಲ್ಲಿ ಮೈದಾನ ಕಟ್ಟಿದವರಿಗೆ ಎಷ್ಟು?

ನಮ್ಮಲ್ಲೇ ಇರುವ ಮಾದರಿಗಳು

ಭಾರತದ ಸ್ಥಿತಿ ಅಮೆರಿಕದ ಪಡಿಯಚ್ಚಲ್ಲ. ಇಲ್ಲಿ ಕ್ರಿಕೆಟ್ ಮೈದಾನಗಳನ್ನು ನೋಡಿಕೊಳ್ಳುವುದು ರಾಜ್ಯ ಕ್ರಿಕೆಟ್ ಸಂಸ್ಥೆಗಳು. ಐಪಿಎಲ್ ತಂಡಗಳು ಅವುಗಳಲ್ಲಿ ಬಾಡಿಗೆಗೆ ಆಡುತ್ತವೆ. ಸರ್ಕಾರ ಹಿಂದಿನಿಂದ ಕೊಡುತ್ತಾ ಬಂದಿರುವುದು ಹೆಚ್ಚಾಗಿ ಜಾಗ. ವಕೀಲರೂ ಕ್ರಿಕೆಟ್ ಆಡಳಿತಗಾರರೂ ಆಗಿದ್ದ ಎಂ. ಚಿನ್ನಸ್ವಾಮಿಯವರು ಬೆಂಗಳೂರಿನಲ್ಲಿ ಕ್ರೀಡಾಂಗಣ ಕಟ್ಟಿಸಿದ್ದೂ ಸರ್ಕಾರದ ನೆರವು ಪಡೆದೇ. 1974ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಅಲ್ಲಿ ಮೊದಲ ಟೆಸ್ಟ್ ನಡೆದಾಗ ಕ್ರಿಕೆಟ್ ಬಡ ಆಟವಾಗಿತ್ತು. ಕೈಹಿಡಿದು ಮೇಲೆತ್ತುವ ಅಗತ್ಯವಿತ್ತು, ಎತ್ತಿದರು, ಒಳ್ಳೆಯದಾಯಿತು. ಗುಂಡಪ್ಪ ವಿಶ್ವನಾಥ್‌ರಿಂದ ರಾಹುಲ್ ದ್ರಾವಿಡ್‌ವರೆಗೆ ಎಷ್ಟು ಜನ ಆ ಅಂಗಣದಲ್ಲಿ ಆಡಿ ಮೆರೆದರು! ಇಂದಿನ ಕ್ರಿಕೆಟ್ಟಿಗೆ ಅದೇ ಬಡತನದ ವಾದ ಹೊಂದುವುದಿಲ್ಲ.

ವಾರಾಣಸಿಯಲ್ಲಿ 2023ರಲ್ಲಿ ಅಡಿಗಲ್ಲು ಹಾಕಿದ ಸ್ಟೇಡಿಯಂಗೆ ಉತ್ತರ ಪ್ರದೇಶ ಸರ್ಕಾರ ಜಾಗಕ್ಕೆಂದು 121 ಕೋಟಿ ರೂಪಾಯಿ ಹಾಕಿತು, ಕಟ್ಟಡಕ್ಕೆ 330 ಕೋಟಿಯನ್ನು ಬಿಸಿಸಿಐ ಒಪ್ಪಿಕೊಂಡಿತು. ನಮ್ಮ ತುಮಕೂರಿನ ಸೋರೆಕುಂಟೆಯಲ್ಲೂ ಜಾಗ ಸರ್ಕಾರದ್ದು, ಕಟ್ಟುವುದು ರಾಜ್ಯ ಕ್ರಿಕೆಟ್ ಸಂಸ್ಥೆ. 2024ರ ಡಿಸೆಂಬರ್‌ನಲ್ಲಿ ಅಲ್ಲಿ ಶಂಕುಸ್ಥಾಪನೆ ನಡೆಯಿತು. ಎಂಟು ತಿಂಗಳ ಅಂತರದಲ್ಲಿ ಆನೇಕಲ್‌ಗೆ ಬಂದಾಗ ಇಡೀ ಕಟ್ಟಡದ ಹಣವೂ ಸರ್ಕಾರಿ ಮಂಡಳಿಯದೇ ಆದದ್ದಕ್ಕೆ ಒಂದು ಕಾರಣವಿರಬೇಕಲ್ಲ, ಅದನ್ನು ಸದನದಲ್ಲಿ ಹೇಳಬೇಕು.

ಸರ್ಕಾರ ಕಟ್ಟಿದ ಕ್ರೀಡಾಂಗಣ ವೃತ್ತಿಪರ ತಂಡದ ಕೈಗೆ ಹೋದಾಗ ಏನಾಗುತ್ತದೆ ಎಂಬುದನ್ನು ಬೆಂಗಳೂರು ಈಗಾಗಲೇ ನೋಡಿದೆ. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದ ಶ್ರೀ ಕಂಠೀರವ ಕ್ರೀಡಾಂಗಣ ಕ್ರೀಡಾ ಇಲಾಖೆಯ ಸ್ವತ್ತು, ರಾಜ್ಯದ ಓಟಗಾರರಿಗೆ ಮುಖ್ಯ ಆಸರೆ. 2014ರಿಂದ ಬೆಂಗಳೂರು ಎಫ್‌ಸಿ ಅಲ್ಲಿ ಆಡತೊಡಗಿತು. ತಂಡ ಚೆನ್ನಾಗಿ ಆಡಿತು, ಗ್ಯಾಲರಿ ತುಂಬಿತು, ಭಾರತದ ಫುಟ್‌ಬಾಲ್‌ಗೆ ಹೊಸ ಉಸಿರು ಬಂತು. ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಪಂದ್ಯಗಳ ದಿನಗಳಲ್ಲಿ ಟ್ರ್ಯಾಕ್ ಸಿಗುವುದಿಲ್ಲ, ಜಾವೆಲಿನ್, ಡಿಸ್ಕಸ್ ಎಸೆಯಲು ಹುಲ್ಲಂಕಣ ಬಿಡುವುದಿಲ್ಲ ಎಂದು ಅಥ್ಲೀಟ್‌ಗಳೂ ತರಬೇತುದಾರರೂ ದೂರಿದರು, ವಿಷಯ ಹೈಕೋರ್ಟ್ ತನಕ ಹೋಯಿತು. ಬೆಳಗಿನ ಜಾವ ಐದಕ್ಕೆ ಸ್ಪೈಕ್ಸ್ ಹಿಡಿದು ಬರುವ ಹುಡುಗಿಗೆ ಲೀಗ್ ಇಲ್ಲ, ಪ್ರಾಯೋಜಕರಿಲ್ಲ. ಅವಳ ಬಳಿ ಇರುವುದು ಸರ್ಕಾರದ ಮೈದಾನ ಒಂದೇ. ಸಾರ್ವಜನಿಕ ಹಣ ಮೊದಲು ಯಾರಿಗೆ ಸೇರಬೇಕು ಎಂದು ಕೇಳಿದರೆ ನನ್ನ ಉತ್ತರ ಅವಳು. ತಾಲ್ಲೂಕು ಕ್ರೀಡಾಂಗಣಗಳಲ್ಲಿ ಮಣ್ಣಿನ ಟ್ರ್ಯಾಕಿನ ಮೇಲೆ ಮಳೆನೀರು ನಿಲ್ಲುವ ರಾಜ್ಯದಲ್ಲಿ 1,650 ಕೋಟಿ ಸಣ್ಣ ಮೊತ್ತವಲ್ಲ.

ಸರ್ಕಾರಿ ಕ್ರೀಡಾಂಗಣವಾದ ಮಾತ್ರಕ್ಕೆ ಹಣ ಉಳಿಯುತ್ತದೆ ಎಂದೂ ಇಲ್ಲ. ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣವನ್ನು 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಸುಮಾರು 961 ಕೋಟಿ ಸುರಿದು ಹೊಸದು ಮಾಡಿದರು. ಹದಿನೈದು ವರ್ಷದಲ್ಲಿ ಅದನ್ನು ಕೆಡವಿ ಕ್ರೀಡಾ ನಗರಿ ಕಟ್ಟುವ ಯೋಜನೆ ಹೊರಬಿತ್ತು.

ಇಲ್ಲ ಎಂದವರ ಊರು

ಹಣ ಕೊಡದಿದ್ದರೆ ಆಟ ಊರು ಬಿಟ್ಟೇ ಹೋಗುತ್ತದೆಯೇ? ಕೆಲವೊಮ್ಮೆ ಹೋಗುತ್ತದೆ. ಮಿಸೌರಿಯ ಜ್ಯಾಕ್ಸನ್ ಕೌಂಟಿಯ ಜನ 2024ರ ಏಪ್ರಿಲ್‌ನಲ್ಲಿ ಸ್ಟೇಡಿಯಂ ತೆರಿಗೆಯನ್ನು ಶೇ 58 ಮತಗಳಿಂದ ತಿರಸ್ಕರಿಸಿದರು. ಪಕ್ಕದ ಕ್ಯಾನ್ಸಸ್ ರಾಜ್ಯ ಜೂನ್‌ನಲ್ಲೇ ಬಾಂಡ್ ಕಾನೂನು ಮಾಡಿ ಕೈಚಾಚಿತು, 2025ರ ಡಿಸೆಂಬರ್‌ನಲ್ಲಿ ಜ್ಯಾಕ್ಸನ್ ಕೌಂಟಿಯ ಫುಟ್‌ಬಾಲ್ ತಂಡ ಚೀಫ್ಸ್ ಗಡಿ ದಾಟುವುದಾಗಿ ಸಾರಿತು. ಸಿಯಾಟಲ್‌ನ ಬ್ಯಾಸ್ಕೆಟ್‌ಬಾಲ್ ತಂಡವೂ 2008ರಲ್ಲಿ ಹಾಗೆ ಹೋದದ್ದೇ. ಇದು ನೋವಿನ ಮಾತು, ಮುಚ್ಚಿಡಬಾರದು.

ಆದರೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲ ಮತದಾರರು 1987ರಿಂದ 1992ರೊಳಗೆ ನಾಲ್ಕು ಸಲ, ಬೇರೆ ಬೇರೆ ಊರುಗಳಲ್ಲಿ, ಜೈಂಟ್ಸ್ ತಂಡದ ಸ್ಟೇಡಿಯಂಗೆ ಸರ್ಕಾರಿ ಹಣ ಬೇಡವೆಂದರು. ಫ್ಲಾರಿಡಾಕ್ಕೆ ಹೊರಟೇ ನಿಂತಿದ್ದ ತಂಡವನ್ನು ಹೊಸ ಮಾಲೀಕರು ಕೊಂಡು, ಸ್ವಂತ ಸಾಲ ಮಾಡಿ, ನಗರದ ಬಂದರು ಜಾಗವನ್ನು ಬಾಡಿಗೆಗೆ ಪಡೆದು, 2000ದಲ್ಲಿ ಸಮುದ್ರದ ಅಂಚಿಗೆ ಮೈದಾನ ಕಟ್ಟಿದರು. ಅಮೆರಿಕದ ಅತಿ ಚೆಂದದ ಬೇಸ್‌ಬಾಲ್ ಮೈದಾನಗಳಲ್ಲಿ ಅದೂ ಒಂದು. ಸೇಂಟ್ ಲೂಯಿಸ್ ಬಿಟ್ಟ ರ‍್ಯಾಮ್ಸ್ ಈಗ ಆಡುವ ಸೋಫೈ ಸ್ಟೇಡಿಯಂ 500 ಕೋಟಿ ಡಾಲರ್ ಮೀರಿದ ಖಾಸಗಿ ಹೂಡಿಕೆ. ಕಟ್ಟುವ ಶಕ್ತಿ ಅವರಲ್ಲಿದೆ. ಬೇರೆಯವರು ಕಟ್ಟಿಕೊಡುತ್ತಾರೆಂದರೆ ಬೇಡವೆನ್ನುವವರು ಯಾರು?

ಬೆಂಗಳೂರಿಗೆ ಚೌಕಾಸಿ ಮಾಡುವ ಶಕ್ತಿ ಸಿನ್ಸಿನಾಟಿಗಿಂತ ಬಹಳ ಹೆಚ್ಚು. ಇಷ್ಟು ಜನಸಂಖ್ಯೆ, ಇಷ್ಟು ಕಂಪನಿಗಳು, ಇಂಥ ಅಭಿಮಾನಿಗಳಿರುವ ಊರನ್ನು ಯಾವ ಲೀಗೂ ಹೆಚ್ಚು ದಿನ ಬಿಟ್ಟಿರಲಾರದು. ಹಾಗಿರುವಾಗ ಸರ್ಕಾರ ಹೆದರಿಕೆಯಿಂದ ಸಹಿ ಹಾಕುವ ಕಾರಣವಿಲ್ಲ. ಚಿನ್ನಸ್ವಾಮಿಯ ಗೇಟುಗಳ ಮುಂದೆ ಸತ್ತವರ ಹೆಸರಲ್ಲಿ ಈ ಯೋಜನೆ ಹುಟ್ಟಿದೆ. ಆದರೆ ಅಂದು ಕೊಂದದ್ದು ಆಸನಗಳ ಕೊರತೆಯಲ್ಲ. ರಾತ್ರೋರಾತ್ರಿ ಹೊಂದಿಸಿದ ಕಾರ್ಯಕ್ರಮ, ಪ್ರವೇಶದ ಬಗ್ಗೆ ಗೊಂದಲದ ಪ್ರಕಟಣೆ, ಕಿರಿದಾದ ಗೇಟು. ಆ ಗೇಟುಗಳನ್ನು ಅಗಲ ಮಾಡುವ ಕೆಲಸ ಆನೇಕಲ್‌ನಲ್ಲಿ ಹೊಸ ಸ್ಟೇಡಿಯಂ ಏಳುವವರೆಗೆ ಕಾಯಬಾರದು.

ಸೂರ್ಯನಗರದಲ್ಲಿ ಕಟ್ಟುವುದೇ ಆದರೆ ಮೊದಲ ಕಲ್ಲಿಗೆ ಮುಂಚೆ ಕರಾರು ಹೊರಬರಲಿ. ಜಾಗ ಸರ್ಕಾರದ್ದಿರಲಿ, ಕ್ರಿಕೆಟ್ ಸ್ಟೇಡಿಯಂನ ಕಟ್ಟಡಕ್ಕೆ ಬಿಸಿಸಿಐ ಮತ್ತು ರಾಜ್ಯ ಸಂಸ್ಥೆ ಹಣ ಹಾಕಲಿ. ಮಂಡಳಿಯ ಹಣ ಸೇರಿದರೆ ಅದು ವರ್ಷ ಹಾಕಿದ, ಬಡ್ಡಿ ಬರೆದ ಸಾಲವಾಗಿರಲಿ. ಬಾಡಿಗೆ ಟಿಕೆಟ್‌ನ ಒಟ್ಟು ವಸೂಲಿಯ ಮೇಲೆ ಲೆಕ್ಕವಾಗಲಿ, ಮಯಾಮಿಯಲ್ಲಿ ಕೈಕೊಟ್ಟ 'ಲಾಭ' ಎಂಬ ಪದ ಎಲ್ಲೂ ನುಸುಳದಿರಲಿ. ಸ್ಟೇಡಿಯಂಗೆ ಕಂಪನಿಯ ಹೆಸರಿಟ್ಟರೆ ಬರುವ ಹಣ ಮಾಲೀಕ ಸಂಸ್ಥೆಗೆ ಸೇರಲಿ. ರಿಪೇರಿಯ ಹೊಣೆ ಬಳಸುವವರದಾಗಲಿ. ಬಂದೋಬಸ್ತ್ ಶುಲ್ಕ ಪಂದ್ಯಕ್ಕೆ ಮೊದಲೇ ಖಜಾನೆಗೆ ಬರಲಿ. ಲೀಗ್ ಇಲ್ಲದ ದಿನಗಳಲ್ಲಿ ಅತ್ತಿಬೆಲೆ, ಚಂದಾಪುರ, ಸರ್ಜಾಪುರ, ಆನೇಕಲ್‌ನ ಸರ್ಕಾರಿ ಶಾಲೆಯ ಮಕ್ಕಳಿಗೆ ಯಾವ ಗೇಟು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾವ ಶುಲ್ಕವೂ ಇಲ್ಲದೆ ತೆರೆದಿರುತ್ತದೆ ಎಂಬುದೂ ಅದೇ ಕರಾರಿನಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ ಇರಲಿ.